ಗಿರಣಿ ಗೇಟಿನ ಒಂದೇ ಸ್ಟೂಲು

ನಾನು ಕೈಯಲ್ಲಿ ತೆಂಗಿನಕಾಯಿ ಹಿಡಿದು ಓಣಿಯೊಳಗೆ ಕಾಲಿಟ್ಟರೆ ಸಾಕು, ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು. ಸುಳ್ಳು ಹೇಳುತ್ತಿಲ್ಲ. ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದ ಹೆಂಗಸರು ಮೊರವನ್ನು ಅಲ್ಲೇ ಬಿಟ್ಟು ಒಳಗೆ ಹೋಗುತ್ತಿದ್ದರು. ಒಬ್ಬಾಕೆಯಂತೂ ತನ್ನ ಕೂಸಿನ ಮುಖದ ಮೇಲೆ ಸೆರಗು ಎಳೆದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನೇನು ಪ್ಲೇಗಿನ ಇಲಿಯೇ ಎಂದು ಕೂಗಬೇಕೆನಿಸುತ್ತಿತ್ತು. ಕೂಗುತ್ತಿರಲಿಲ್ಲ, ಯಾಕೆಂದರೆ ಅವರು ಮಾಡುತ್ತಿದ್ದದ್ದು ಸರಿಯೇ ಇತ್ತು.

ಸ್ವಾತಂತ್ರ್ಯ ಬಂದು ಆರೇಳು ವರ್ಷವಾಗಿತ್ತು, ನಮ್ಮ ಸೀಮೆ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ಗೋಕಾಕದಲ್ಲಿ ಹತ್ತಿಯಿಂದ ಕಾಳು ಬೇರೆ ಮಾಡುವ ಒಂದು ಜಿನ್ನಿಂಗ್ ಗಿರಣಿ ಇತ್ತು. ಈಗ ಇಲ್ಲ, ಇದ್ದ ಜಾಗವನ್ನೂ ನಾನು ಹೇಳುವುದಿಲ್ಲ. ಅದರ ಗೇಟಿನಲ್ಲಿ ಸ್ಟೂಲಿನ ಮೇಲೆ ಕೂತು ಒಳಗೆ ಹೋದವರ ಹಾಜರಿ ಬರೆಯುವುದು, ಹೊತ್ತಿಗೆ ಸರಿಯಾಗಿ ಗಂಟೆ ಬಾರಿಸುವುದು ನನ್ನ ಕೆಲಸ. ಇದರ ಜೊತೆಗೆ ಇನ್ನೊಂದು ಕೆಲಸವಿತ್ತು. ಗಿರಣಿಯಲ್ಲಿ ಯಾರದಾದರೂ ಕೈಕಾಲು ಹೋದರೆ, ಮಾಲೀಕರಾದ ಸಾವಕಾರರ ಪರವಾಗಿ ಅವರ ಮನೆಗೆ ತೆಂಗಿನಕಾಯಿ, ಬೆಲ್ಲ, ಒಂದು ಬಟ್ಟೆ ಒಯ್ಯಬೇಕು. ಗಂಡಸಾದರೆ ತಲೆಗೆ ಸುತ್ತುವ ಪಟಕಾ, ಹೆಂಗಸಾದರೆ ಕುಬುಸದ ಖಣ. ಆ ಬಟ್ಟೆಯ ಕೆಳಗೆ ಮಡಚಿದ ಒಂದು ಕಾಗದ ಇರುತ್ತಿತ್ತು.

ಈ ಕೆಲಸ ನನಗೆ ಸಿಕ್ಕಿದ್ದು ನನ್ನ ಬಲಗೈ ಹೋದದ್ದರಿಂದ. ಜಿನ್ನಿನ ಒಳಗೆ ತಿರುಗುವ ತೊಗಲಿನ ರೂಳಿನಲ್ಲಿ ಹತ್ತಿ ಸಿಕ್ಕಿಕೊಂಡಿತ್ತು. ಮಷಿನು ನಿಲ್ಲಿಸಿದರೆ ಕೂಲಿಗಳ ಮೇಲಿನ ಮುಕಾದಮ ಬೈಯುತ್ತಾನೆಂದು ನಡೆಯುತ್ತಿರುವಾಗಲೇ ಕೈಹಾಕಿದೆ. ಮಣಿಕಟ್ಟಿನ ಮೇಲೆ ಕತ್ತರಿಸಿದರು. ಗಾಯ ಇನ್ನೂ ಹಸಿಯಿರುವಾಗ ಸಾವಕಾರರು ತಾವೇ ನಮ್ಮ ಮನೆಗೆ ಬಂದರು, ಹರಕು ಕಂಬಳಿಯ ಮೇಲೆ ಕೂತರು, ನನ್ನ ತಲೆಗೆ ಕೆಂಪು ಪಟಕಾ ಸುತ್ತಿದರು. "ನೀ ಇನ್ನ ನಮ್ಮನಿ ಮಗಾ ಇದ್ದಂಗ. ಹಗುರ ಕೆಲಸಾ ಕೊಡ್ತೇನಿ, ಚಿಂತಿ ಬ್ಯಾಡ," ಅಂದರು. ನಾನು ಅತ್ತೆ. ಕಾಗದಕ್ಕೆ ಎಡಗೈ ಹೆಬ್ಬೆರಳು ಒತ್ತಿಸಿಕೊಂಡರು. ನಾಲ್ಕನೆಯ ಇಯತ್ತೆಯವರೆಗೆ ಸಾಲಿ ಕಲಿತಿದ್ದ ನನಗೆ ಓದಲು ಬರುತ್ತಿತ್ತು, ಆದರೂ ಓದಲಿಲ್ಲ. ಮನೆಮಗ ಎಂದವರ ಕಾಗದ ಓದುವುದು ಅವಮಾನ ಮಾಡಿದ ಹಾಗೆ ಅಂದುಕೊಂಡೆ. ಎಂಥ ಹುಂಬ!

ಗಿರಣಿಯ ಕಾಂಪೌಂಡಿನ ಹೊರಗೆ ಗಾಡಿಯಿಂದ ಬಿದ್ದು ಕೈ ಹೋಯಿತೆಂದು ಅದರಲ್ಲಿ ಬರೆದದ್ದು ಆಮೇಲೆ ಗೊತ್ತಾಯಿತು. ಮುಂದೆ ನಾನು ಒಯ್ದ ಕಾಗದಗಳಲ್ಲೆಲ್ಲ ಅದೇ ಗಾಡಿ. ಅವನ್ನು ನಂಬಿದರೆ ಗೋಕಾಕದ ಎತ್ತಿನಗಾಡಿಗಳು ಹುಲ್ಲು ಬಿಟ್ಟು ಮನುಷ್ಯರ ಕೈ ತಿನ್ನುತ್ತಿದ್ದವು ಎನ್ನಬೇಕು.

ನನಗಿಂತ ಮೊದಲು ಆ ಸ್ಟೂಲಿನ ಮೇಲೆ ಒಬ್ಬ ಕುಂಟ ಮುದುಕ ಕೂರುತ್ತಿದ್ದ. ನಾನು ಕೆಲಸಕ್ಕೆ ಹೋದ ದಿನ ಅವನು ಇರಲಿಲ್ಲ. ಕೇಳಿದರೆ "ಊರಿಗೆ ಹೋದ" ಎಂದರು. ಆರು ತಿಂಗಳ ಮೇಲೆ ಧುಪದಾಳದ ಒಡ್ಡಿನ ಹತ್ತಿರ ಅವನನ್ನು ಕಂಡೆ. ನೀರು ನೋಡಲು ಬಂದವರ ಮುಂದೆ ಕೈ ಚಾಚುತ್ತಿದ್ದ. ತಲೆಯ ಮೇಲೆ ನನ್ನದರಂಥದೇ ಪಟಕಾ, ಬಣ್ಣ ಹೋಗಿತ್ತು. ನನ್ನನ್ನು ಗುರುತಿಸಿ ನಕ್ಕ.

"ನೀ ಬಂದಿ, ನಾ ಎದ್ದೆ," ಅಂದ. "ಅಲ್ಲೆ ಇರೂದು ಒಂದ ಸ್ಟೂಲ, ತಮ್ಮಾ. ಮುಂದಿನಾಂವನ ಕೈ ಹೋಗೂತನಾ ನೀ ಅರಾಮ ಕುಂದರು."

ಅವತ್ತಿನಿಂದ ನನಗೆ ಅರಾಮ ಎನ್ನುವುದು ಹೋಯಿತು. ಕೈ ಹೋದವರಿಗೆಲ್ಲ ಸ್ಟೂಲು ಸಿಗುತ್ತಿರಲಿಲ್ಲ, ಯಾರಿಗೆ ಯಾವಾಗ ಕೊಡುತ್ತಾರೆಂಬುದು ಸಾವಕಾರರ ಮರ್ಜಿ. ಒಳಗೆ ಯಾರಾದರೂ ಚೀರಿದರೆ ಸಾಕು, ಪಾಪ ಯಾರಿಗೆ ಏನಾಯಿತೋ ಎನ್ನುವ ಮೊದಲು ನನ್ನ ಸ್ಟೂಲು ಹೋಯಿತೇ ಎನ್ನುವ ಯೋಚನೆ ಬರುತ್ತಿತ್ತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಬಂದದ್ದು ಖರೆ.

ಗಂಟೆ ಎಂದೆನಲ್ಲ, ಅದು ಸರಪಳಿಯಲ್ಲಿ ತೂಗುಹಾಕಿದ್ದ ಹಳಿಯ ತುಂಡು. ಎರಡು ಕೈ ಇದ್ದವನಿಗೆ ಅದು ಏನೂ ಅಲ್ಲ. ಒಂದೇ ಕೈಯಲ್ಲಿ ಹೊಡೆದರೆ ಮೊದಲ ಪೆಟ್ಟಿಗೇ ಗಿರ್ರನೆ ತಿರುಗುತ್ತದೆ, ಎರಡನೆಯ ಪೆಟ್ಟು ಗಾಳಿಗೆ ಹೋಗುತ್ತದೆ. ಹಳಿಗೆ ಭುಜ ಆನಿಸಿದರೆ ಅದರ ದನಿಯೇ ಸತ್ತುಹೋಗುತ್ತದೆ. ಸರಪಳಿಗೆ ಭುಜ ಕೊಟ್ಟು, ಉಸಿರು ಬಿಟ್ಟು, ಕೆಳಗಿನಿಂದ ಮೇಲಕ್ಕೆ ಹೊಡೆಯಬೇಕೆಂದು ಕಂಡುಕೊಳ್ಳಲು ನನಗೆ ತಿಂಗಳು ಹಿಡಿಯಿತು. ಯಾರೂ ಹೇಳಿಕೊಡಲಿಲ್ಲ. ಕೈ ಹೋದವರು ಬಾಳುವ ವಿದ್ಯೆಯನ್ನು ನಮ್ಮಲ್ಲಿ ಯಾವ ಸಾಲಿಯಲ್ಲಿ ಕಲಿಸುತ್ತಿದ್ದರು?

ಒಂದು ದಿನ ಗಿರಣಿಯ ಲೆಕ್ಕಪತ್ರ ನೋಡುವ ಕಾರಕೂನರು ತಮ್ಮ ಕೋಣೆಯ ಧೂಳು ಹೊಡೆಯಲು ನನ್ನನ್ನು ಹಚ್ಚಿದರು. ಗೋಡೆಯ ಮೇಲೆ ಲಕ್ಷ್ಮಿಯ ಕ್ಯಾಲೆಂಡರ್ ಇತ್ತು. ಎತ್ತಿದೆ. ಅದರ ಹಿಂದೆ ಸರಕಾರದ ಒಂದು ನೋಟೀಸು ಅಂಟಿಸಿದ್ದರು. ಕೆಲಸ ಮಾಡುವಾಗ ಅಂಗ ಊನವಾದರೆ ಮಾಲೀಕರು ಪರಿಹಾರ ಕೊಡಬೇಕು, ಕೊಡದಿದ್ದರೆ ಒಂದು ವರ್ಷದೊಳಗೆ ಬೆಳಗಾವಿಯ ಕಚೇರಿಗೆ ಅರ್ಜಿ ಹಾಕಬೇಕು ಎಂದಿತ್ತು. ಮೂರು ಸಲ ಓದಿದೆ. ನನ್ನ ಕೈ ಹೋಗಿ ಒಂದು ವರ್ಷ ಎರಡು ತಿಂಗಳಾಗಿತ್ತು. ಲಕ್ಷ್ಮಿಯನ್ನು ಮತ್ತೆ ಮೊಳೆಗೆ ಹಾಕಿ ಹೊರಗೆ ಬಂದು ಸ್ಟೂಲಿನ ಮೇಲೆ ಕೂತೆ. ಹೊತ್ತಿಗೆ ಸರಿಯಾಗಿ ಗಂಟೆ ಬಾರಿಸಿದೆ.

ಮುಂದಿನ ಹತ್ತಿಯ ಹಂಗಾಮಿನಲ್ಲಿ ಒಬ್ಬ ಹುಡುಗಿಯ ಕೈ ಹೋಯಿತು. ಮೂಡಲಗಿ ಕಡೆಯ ಹಳ್ಳಿಯವಳು. ಇಪ್ಪತ್ತರ ಪ್ರಾಯ, ಗಂಡ ಬಿಟ್ಟಿದ್ದ, ತಾಯಿಯೊಬ್ಬಳೇ ಇದ್ದಳು. ಮಾತು ಬಹಳ ಜೋರು. ಹಾಜರಿ ಬರೆಸುವಾಗ ದಿನಾ ನನ್ನನ್ನು ಕಾಡಿಸುತ್ತಿದ್ದಳು: "ಅಣ್ಣಾರ, ಎಡಗೈಲೆ ಬರದ ನನ್ನ ಹೆಸರ ಸೊಟ್ಟ ಮಾಡೀರಿ ನೋಡ್ರಿ." ಅವತ್ತು ನಾನು ಕುಡಿಯುವ ನೀರಿಗೆಂದು ಒಳಗೆ ಹೋಗಿದ್ದೆ. ಅವಳ ಸೆರಗು ಮಷಿನು ತಿರುಗಿಸುವ ಪಟ್ಟಾಕ್ಕೆ ಸಿಕ್ಕಿತು, ಸೆರಗಿನ ಹಿಂದೆ ಬಲಗೈ ಹೋಯಿತು. ನಾನೇ ಓಡಿಹೋಗಿ ಪಟ್ಟಾ ಕೆಡವಿ ಮಷಿನು ನಿಲ್ಲಿಸಿದೆ. ಅವಳು ಚೀರಲಿಲ್ಲ. ನನ್ನ ಪಟಕಾವನ್ನೇ ದಿಟ್ಟಿಸಿ ನೋಡಿದಳು. ಮೊಣಕೈವರೆಗೆ ತೆಗೆದರು.

ಸಂಜೆ ನೋಡಿದರೆ ಹಾಜರಿ ಪುಸ್ತಕದಲ್ಲಿ ಆ ದಿನದ ಹಾಳೆಯೇ ಇರಲಿಲ್ಲ.

ಎರಡು ವಾರಕ್ಕೆ ಕಾರಕೂನರು ಕರೆದು ತೆಂಗಿನಕಾಯಿ, ಬೆಲ್ಲ, ಹಸಿರು ಖಣ ಕೈಗಿಟ್ಟರು. "ಬರೂ ಶುಕ್ರವಾರ ಅವ್ವಾರು ಆಕಿ ಉಡಿ ತುಂಬತಾರಂತ ಹೇಳು. ಗಾಯ ಮಾಯಲಿ, ಹಗುರ ಕೆಲಸಾ ಕೊಡ್ತೇವಂತ ಹೇಳು." ಅವ್ವಾರು ಅಂದರೆ ಸಾವಕಾರರ ಹೆಂಡತಿ. ಉಡಿ ತುಂಬಿಸಿಕೊಳ್ಳುವುದೆಂದರೆ ನಮ್ಮಲ್ಲಿ ಸಣ್ಣ ಮಾತಲ್ಲ. ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಖಣ ಹಾಕಿಸಿಕೊಂಡ ಮನೆ ತವರುಮನೆಯಾಗುತ್ತದೆ. ತವರಿನ ಮೇಲೆ ಯಾವ ಮಗಳು ಕಚೇರಿಗೆ ಹೋಗುತ್ತಾಳೆ? ವಕೀಲರಿಲ್ಲದೆ, ಜಗಳವಿಲ್ಲದೆ, ಬೊಗಸೆ ಅಕ್ಕಿಯಲ್ಲಿ ಬಾಯಿ ಕಟ್ಟುವ ಉಪಾಯ ಅದು.

ಅವಳ ಮನೆಯಲ್ಲಿ ತಾಯಿ ನನಗೆ ಚಹ ಮಾಡಿಕೊಟ್ಟಳು. ಹುಡುಗಿ ಗೋಡೆಗೆ ಒರಗಿ ಕೂತಿದ್ದಳು, ಮೊಂಡುಗೈ ಸೆರಗಿನೊಳಗಿತ್ತು. ನಾನು ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದೆ. ಅವಳು ಪೂರ್ತಿ ಕೇಳಿದಳು.

"ಹಗುರ ಕೆಲಸಾ ಅಂದ್ರ ಯಾವ್ದ್ರಿ ಅಣ್ಣಾರ?"

"ಗೇಟಿಂದು ಇರಬೇಕವಾ."

"ಹಂಗಾದ್ರ ನೀವು?"

ನಾನು ಚಹ ಕುಡಿದೆ. ತುಟಿ ಸುಟ್ಟಿತು. ಅವಳು ಬಿಡಲಿಲ್ಲ. "ನಿಮ್ಮನ್ನ ಎಬ್ಬಿಸಿ ನನ್ನ ಕುಂದರಸ್ತಾರು. ನನ್ನ ಎಬ್ಬಿಸಾಕ ಇನ್ನ ಯಾರದು ಕೈ ಹೋಗಬೇಕ್ರಿ?"

ತಾಯಿ "ಸುಮ್ಮನಿರ ಹುಚ್ಚಿ" ಎಂದು ಗದರಿದಳು. ಲಕ್ಷ್ಮಿಯ ಹಿಂದಿನ ನೋಟೀಸು, ಒಂದು ವರ್ಷದ ಮುದ್ದತು, ಬೆಳಗಾವಿಯ ಕಚೇರಿ, ಹರಿದ ಹಾಳೆ, ಎಲ್ಲವನ್ನೂ ಹೇಳಿಬಿಟ್ಟೆ. ಧೈರ್ಯವಂತ ಅಂತಲ್ಲ, ಸಿಟ್ಟಿನಿಂದ. ಗಾಯ ಮಾಯಲಿ, ಮಾಯಲಿ ಎಂದು ಹೇಳುತ್ತಲೇ ಅವರು ವರ್ಷ ಕಳೆಯುತ್ತಾರೆಂದೂ ಹೇಳಿದೆ.

"ಖರೆ ಹೇಳವ್ರು ಬೇಕಲ್ರಿ," ಅಂದಳು ಅವಳು. "ಹೆಣ್ಮಕ್ಕಳ ಯಾರೂ ಬಾಯಿ ಬಿಡಂಗಿಲ್ಲ. ಅವರಿಗೂ ಹಂಗಾಮದ ಕೂಲಿ ಬೇಕು."

"ನಾ ಹೇಳತೇನಿ," ಅಂದೆ. "ಹಾಜರಿ ಬರದಾಂವ ನಾನ. ಪಟ್ಟಾ ಕೆಡವಿದಾಂವ ನಾನ. ಬೆಳಗಾವಿಗೆ ಬಂದು ನಿಂದರತೇನಿ."

ಅವಳು ಎಡಗೈ ಮುಂದೆ ಚಾಚಿದಳು. ನಾನು ಎಡಗೈಯನ್ನೇ ಇಟ್ಟು ಭಾಷೆ ಕೊಟ್ಟೆ. ಕಾಗದವನ್ನು ಹೆಬ್ಬೆರಳಿಲ್ಲದೆ ವಾಪಸು ತಂದೆ, ಉಡಿಯ ದಿನವೇ ಒತ್ತುತ್ತಾಳಂತೆ ಎಂದು ಕಾರಕೂನರಿಗೆ ಸುಳ್ಳು ಹೇಳಿದೆ.

ಶುಕ್ರವಾರ ಅವಳು ಬರಲಿಕ್ಕಿಲ್ಲ ಅಂದುಕೊಂಡಿದ್ದೆ. ಬಂದಳು. ಸಾವಕಾರರ ಮನೆಯ ಪಡಸಾಲೆಯಲ್ಲಿ ಮಣೆ ಹಾಕಿದ್ದರು. ಬೆಳ್ಳಿ ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು. ನಾನು ಬಾಗಿಲ ಬಾಜೂ ನಿಂತಿದ್ದೆ, ಕಾರಕೂನರು ಮಸಿಯ ಡಬ್ಬಿ ಹಿಡಿದು ಕೂತಿದ್ದರು. ಅವ್ವಾರು ಹಣೆಗೆ ಕುಂಕುಮ ಹಚ್ಚಿ "ಸೆರಗ ಒಡ್ಡವಾ ಮಗಳ" ಎಂದರು. ಒಳ್ಳೆಯ ಹೆಂಗಸು ಆಕೆ. ತಾನು ಮಾಡುತ್ತಿರುವುದು ಪುಣ್ಯವೆಂದೇ ನಂಬಿದ್ದಳು, ಅದಕ್ಕೇ ಭಯವಾಗುತ್ತಿತ್ತು.

ಹುಡುಗಿ ಎಡಗೈಯಲ್ಲಿ ಸೆರಗಿನ ಒಂದು ತುದಿ ಹಿಡಿದಳು. ಇನ್ನೊಂದು ತುದಿ ಜೋತುಬಿದ್ದಿತ್ತು. ತಾಯಿ ಹಿಡಿಯಲು ಬಂದರೆ ಭುಜದಿಂದ ಅವಳನ್ನು ಸರಿಸಿದಳು. ಅವ್ವಾರ ಕೈ ಆಗಲೇ ಮುಂದೆ ಬಂದಿತ್ತು. ಬೊಗಸೆ ಅಕ್ಕಿ ಸೆರಗಿಗೆ ಬಿದ್ದು ಅಷ್ಟೂ ನೆಲಕ್ಕೆ ಸುರಿಯಿತು. ಮನೆಯ ಹೆಂಗಸರು ಒಮ್ಮೆಲೇ "ಅಯ್ಯಯ್ಯೋ" ಎಂದರು. ಉಡಿಯ ಅಕ್ಕಿ ನೆಲಕ್ಕೆ ಬೀಳಬಾರದು, ಬಿದ್ದರೆ ತುಂಬಿದವರಿಗೂ ಕೇಡು, ತುಂಬಿಸಿಕೊಂಡವರಿಗೂ ಕೇಡು.

"ಒಂದ ಕೈಲೆ ಉಡಿ ಒಡ್ಡಾಕ ಬರಂಗಿಲ್ರಿ ಅವ್ವಾರ," ಅಂದಳು ಹುಡುಗಿ. "ಇನ್ನೊಂದ ನಿಮ್ಮ ಮಷಿನನ್ಯಾಗ ಐತಿ."

ಅಷ್ಟು ಹೇಳಿ ಅಕ್ಕಿ ತುಳಿಯದ ಹಾಗೆ ದಾಟಿಕೊಂಡು ಹೊರಗೆ ಹೋದಳು. ಕಾರಕೂನರು ಮಸಿಯ ಡಬ್ಬಿಯ ಮುಚ್ಚಳ ಹಾಕಿದರು. ಅವಳು ಹೋದ ಕಡೆ ನೋಡಲಿಲ್ಲ, ನನ್ನನ್ನು ನೋಡಿದರು.

ಮರುದಿನವೇ ನನ್ನನ್ನು ಓಡಿಸುತ್ತಾರೆ ಎಂದುಕೊಂಡು ಹೋದೆ. ಯಾರೂ ಏನೂ ಅನ್ನಲಿಲ್ಲ. ಅವಳು ಬೆಳಗಾವಿಗೆ ಅರ್ಜಿ ಹಾಕಿದ ಸುದ್ದಿ ಬಂತು, ಸಾಕ್ಷಿಯೆಂದು ನನ್ನನ್ನು ಬರೆಸಿದ್ದೂ ಗೊತ್ತಾಯಿತು. ಆಗಲೂ ಯಾರೂ ಏನೂ ಅನ್ನಲಿಲ್ಲ. ಬದಲಿಗೆ ಸ್ಟೂಲಿಗೆ ಹೊಸ ದಿಂಬು ಬಂತು. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ನನಗೇನು ಬಾಯಿ ಕಡಿಮೆಯೇ? ದಿಂಬಿನ ಮೇಲೆ ಕೂತು ಏನು ಮಾಡಲಿ? ಒಂದು ಸಂಜೆ ಕಾರಕೂನರು ನನ್ನ ಹೆಗಲ ಮೇಲೆ ಕೈಯಿಟ್ಟು ಕೇಳಿದರು: "ಮನ್ಯಾಗ ಹ್ಯಾಂಗದಾರು? ಏಳನೇದ ನಡದೈತೇನು?"

ನನ್ನ ಹೆಂಡತಿ ಬಸುರಿ ಎಂದು ನಾನು ಗಿರಣಿಯಲ್ಲಿ ಯಾರಿಗೂ ಹೇಳಿರಲಿಲ್ಲ.

ಅವಳು ಹುಕ್ಕೇರಿಯವಳು. ತಂದೆ ತಾಯಿ ಇಬ್ಬರೂ ಸಣ್ಣವಳಿದ್ದಾಗಲೇ ಹೋಗಿದ್ದರು, ಅಲ್ಲಿಂದ ಒಂದು ಬಳೆ ತರುವವರೂ ಇರಲಿಲ್ಲ. ಏಳನೆಯ ತಿಂಗಳಲ್ಲಿ ತವರಿನವರು ಬಂದು ಹಸಿರು ಸೀರೆ ಉಡಿಸಿ, ಉಡಿ ತುಂಬಿ ಕುಬುಸ ಮಾಡುವುದು ಪದ್ಧತಿ. ಓಣಿಯ ಬೇರೆ ಬಸುರಿಯರಿಗೆ ಮಾಡುವಾಗ ಇವಳು ಬಾಗಿಲ ಹಿಂದೆ ನಿಂತು ನೋಡುತ್ತಿದ್ದಳು. ನಾನು ಭಾಷೆ ಕೊಟ್ಟದ್ದನ್ನು ಇವಳಿಗೆ ಹೇಳಲಿಲ್ಲ. ಬಸುರಿ, ಸುಮ್ಮನೆ ಹೆದರುತ್ತಾಳೆ ಅಂದುಕೊಂಡೆ. ನನ್ನ ಜೀವಮಾನದ ದೊಡ್ಡ ತಪ್ಪು ಅದು. ನಡೆಯುವ ಮಷಿನಿಗೆ ಕೈ ಹಾಕಿದ್ದಕ್ಕಿಂತ ದೊಡ್ಡದು.

ಬೆಳಗಾವಿಗೆ ಹೋಗಿ ಸಾಕ್ಷಿ ಹೇಳುವ ದಿನ ಬಂತು. ಅದರ ಹಿಂದಿನ ಸಂಜೆ ಗಿರಣಿ ಬಿಟ್ಟು ಮನೆಗೆ ಬಂದರೆ ಅಂಗಳದಲ್ಲಿ ರಂಗೋಲಿ, ಓಣಿಯ ಹೆಂಗಸರು ಕೈಯಲ್ಲಿ ಎಲೆ ಅಡಿಕೆ ಹಿಡಿದು ಹೊರಗೆ ಬರುತ್ತಿದ್ದರು. ಟಾಂಗಾದ ಗಾಲಿಯ ಗುರುತು ಇನ್ನೂ ಹಸಿಯಾಗಿತ್ತು. ಒಳಗೆ ನನ್ನ ಹೆಂಡತಿ ಹಸಿರು ಇಳಕಲ್ ಸೀರೆಯುಟ್ಟು, ಮೊಣಕೈವರೆಗೆ ಹಸಿರು ಬಳೆ ಇಟ್ಟುಕೊಂಡು, ಮುಡಿ ತುಂಬ ದಂಡೆ ಮುಡಿದು ಮಣೆಯ ಮೇಲೆ ಕೂತಿದ್ದಳು. ಉಡಿ ತುಂಬಿತ್ತು.

"ಅವ್ವಾರ ಸ್ವತಃ ಬಂದಿದ್ರುರಿ!" ಅಂದಳು. ಮುಖ ಬೆಳಗುತ್ತಿತ್ತು. "ತಾಯಿ ಇಲ್ಲಂತ ಅಳಬ್ಯಾಡ, ಇನ್ನ ನಾನ ನಿನ್ನ ತಾಯಿ ಅಂದ್ರು. ಹೆಣ್ಣಾದ್ರ ತೊಟ್ಲಾನೂ ಕಳಸ್ತಾರಂತ."

ನಾನು ಅಲ್ಲೇ ಹೊಸ್ತಿಲ ಮೇಲೆ ಕೂತೆ. ಆಮೇಲೆ ಎಲ್ಲವನ್ನೂ ಹೇಳಿದೆ, ಹೇಳಬೇಕಾದ ಹೊತ್ತು ಮೀರಿದ ಮೇಲೆ. "ಮೊದಲ ಹೇಳಬೇಕಿಲ್ಲೇನ್ರಿ ನೀವು? ಹೇಳಿದ್ರ ನಾ ಸೆರಗ ಒಡ್ಡತಿದ್ದೆನೇನು?" ಎಂದು ಅತ್ತಳು. ಬಳೆ ತೆಗೆಯಲು ಹೋದಳು. ಬಸುರಿ ಬಳೆ ಕಳಚಬಾರದೆಂದು ನಾನೇ ಅವಳ ಕೈ ಹಿಡಿದೆ. ಒಂದೇ ಕೈಯಲ್ಲಿ ಅವಳ ಎರಡು ಕೈ ಹಿಡಿಯುವುದು ಕಷ್ಟವಾಯಿತು. ಕೊನೆಗೆ ಅವಳೇ ಸುಮ್ಮನಾಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹೇಳಿದಳು: "ಉಡಿ ತುಂಬಿದ ಮನಿಗೆ ಎದರ ನಿಂತ್ರ ಕೂಸಿಗೆ ಆಗಿಬರಂಗಿಲ್ಲರಿ. ಆ ಹುಡಗಿ ಕೈಮುಗದ ಕೇಳಿದ್ರೂ ಹೋಗಬ್ಯಾಡ್ರಿ."

ನಾನು ಹೋಗಲಿಲ್ಲ. ಬೆಳಿಗ್ಗೆ ಎದ್ದು ಪಟಕಾ ಸುತ್ತಿಕೊಂಡು ಗೇಟಿಗೆ ಹೋದೆ, ಹೊತ್ತಿಗೆ ಸರಿಯಾಗಿ ಗಂಟೆ ಬಾರಿಸಿದೆ. ಕೈಮುಗಿಯಲು ಆ ಹುಡುಗಿಗೆ ಎರಡು ಕೈ ಎಲ್ಲಿದ್ದವು ಎಂಬುದೊಂದೇ ದಿನವಿಡೀ ತಲೆಯಲ್ಲಿ ಸುತ್ತುತ್ತಿತ್ತು.

ಅವಳು ಬೆಳಗಾವಿಯ ಕಚೇರಿಯ ಕಟ್ಟೆಯ ಮೇಲೆ ಸಂಜೆಯವರೆಗೆ ನನ್ನ ದಾರಿ ನೋಡಿದಳಂತೆ. ಕೈ ಹೋದ ದಿನದ ಹಾಜರಿಯಲ್ಲಿ ಅವಳ ಹೆಸರಿಲ್ಲ, ನೋಡಿದೆ ಎನ್ನುವ ಸಾಕ್ಷಿಯೂ ಇಲ್ಲ. ಅರ್ಜಿ ಬಿದ್ದುಹೋಯಿತು. ಇದನ್ನು ನನಗೆ ಹೇಳಿದವರು ಕಾರಕೂನರು, ನಗುತ್ತ ಪೇಢೆ ಕೊಟ್ಟು ಹೇಳಿದರು. ಥೂ! ಆ ಪೇಢೆಯನ್ನು ಅವರ ಮುಖಕ್ಕೆ ಎಸೆಯಬೇಕಿತ್ತು. ತಿಂದೆ.

ಮಗಳು ಹುಟ್ಟಿದಳು. ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕಿದೆವು. ಸರಪಳಿಯಲ್ಲಿ ತೂಗುವ ಬಣ್ಣದ ತೊಟ್ಟಿಲು ಹೇಳಿದಂತೆಯೇ ಸಾವಕಾರರ ಮನೆಯಿಂದ ಬಂದಿತ್ತು. ಹೆಂಗಸರು ಜೋಗುಳ ಹಾಡಿ, ಗುಗ್ಗರಿ ತಿಂದು ಹೋದ ಮೇಲೆ ಬಾಗಿಲಲ್ಲಿ ನೆರಳು ಕಂಡಿತು. ಅವಳೇ. ಹೆಂಡತಿ ತೊಟ್ಟಿಲಿಗೆ ಅಡ್ಡ ನಿಂತಳು.

"ಅಂಜಬ್ಯಾಡ್ರಿ ವೈನಿ, ಕೂಸಿನ ನೋಡಾಕ ಬಂದೇನಿ," ಅಂದಳು ಹುಡುಗಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, "ನನ್ನ ತೊಡಿ ಮ್ಯಾಲ ಹಾಕ್ರಿ," ಅಂದಳು. ಹೆಂಡತಿ ಕೂಸನ್ನು ಅವಳ ತೊಡೆಯ ಮೇಲೆ ಇಟ್ಟಳು. ಅವಳು ಮೊಂಡುಗೈಯನ್ನು ಅದರ ತಲೆಗೆ ಆಸರೆಯಾಗಿ ಕೊಟ್ಟು, ಎಡಗೈಯಲ್ಲಿ ಕೂಸಿನ ಮುಷ್ಟಿ ಒಂದೊಂದಾಗಿ ಬಿಡಿಸಿ ಬೆರಳು ನೋಡಿದಳು.

"ಎರಡೂ ಕೈ ಚೊಲೊ ಅದಾವ," ಅಂದಳು. "ಜ್ವಾಕಿ ಮಾಡ್ರಿ."

ನಾನು ಅವಳ ಮುಂದೆ ಕೂತು, ತಪ್ಪಾಯಿತು, ಏನು ಹೇಳಲವ್ವಾ, ಎಂದು ಶುರುಮಾಡಿದೆ. ಅವಳು ತಲೆ ಅಲ್ಲಾಡಿಸಿದಳು. "ಬಿಡ್ರಿ ಅದನ್ನ. ಗಾಯ ಮಾದೈತಿ. ನಾಳಿಂದ ಗೇಟಿನಾಗ ನಾ ಕುಂದರತೇನಿ, ನಿನ್ನೆ ಕಾಗದಕ್ಕ ಹೆಬ್ಬಟ್ಟ ಒತ್ತಿ ಬಂದೇನಿ. ನಿಮಗ ಅವರು ಹೇಳಿರಂಗಿಲ್ಲ, ಅದಕ್ಕ ನಾನ ಹೇಳಿ ಹೋಗೂಣಂತ ಬಂದೆ."

ಹೇಳಿರಲಿಲ್ಲ. ಧುಪದಾಳದ ಮುದುಕನ ಬಣ್ಣಗೆಟ್ಟ ಪಟಕಾ ಕಣ್ಣ ಮುಂದೆ ಬಂತು.

"ಸಂಕೇಶ್ವರತನಾ ಹೋಗಿ ಕೆಲಸಾ ಕೇಳಿ ಬಂದೆ, ಅಣ್ಣಾರ," ಅಂದಳು ಅವಳು, ಕೂಸಿನ ಮುಖ ನೋಡುತ್ತಲೇ. "ಒಂದ ಕೈ ನೋಡಿ ಚಿಲ್ಲರೆ ಕೊಡಾಕ ಬರ್ತಾರು, ಕೆಲಸಾ ಯಾರೂ ಕೊಡಂಗಿಲ್ಲ. ಇಲ್ಲೆ ಒಂದ ಕೊಡ್ತಾರು. ತೆಂಗಿನಕಾಯಿ ತಗೊಂಡ ಹೋಗಂದ್ರ ಹೋಗತೇನಿ. ಅವ್ವಗ ಕಣ್ಣ ಕಾಣವಲ್ಲವು, ಹೊಟ್ಟಿ ಅಂತೂ ಐತಿ."

ಕೂಸನ್ನು ಹೆಂಡತಿಗೆ ಕೊಟ್ಟು ಎದ್ದಳು. ಹೊರಟಳು ಎಂದುಕೊಂಡೆ. ಆದರೆ ಅಲ್ಲೇ ನಿಂತು, ಹಿಂದೆ ಹಾಜರಿ ಬರೆಸುವಾಗ ಕಾಡಿಸುತ್ತಿದ್ದ ಅದೇ ದನಿಯಲ್ಲಿ ಕೇಳಿದಳು: "ಆ ಗಂಟಿ ಒಂದ ಕೈಲೆ ಹ್ಯಾಂಗ ಬಾರಸತೀರಿ? ಇವತ್ತ ನೀವು ಇರಲಿಲ್ಲಲ್ರಿ, ಬಾರಿಸಿ ನೋಡಿದೆ, ಗಿರಗಿರ ತಿರಗತೈತಿ."

ತೊಟ್ಟಿಲು ಖಾಲಿಯಿತ್ತು. ನಾನು ಎದ್ದು ಅದರ ಒಂದು ಸರಪಳಿಗೆ ಭುಜ ಕೊಟ್ಟೆ. ತೊಟ್ಟಿಲು ಸಣ್ಣಗೆ ತೂಗಿತು. "ಖಾಲಿ ತೊಟ್ಲಾ ತೂಗಬ್ಯಾಡ್ರಿ," ಎಂದು ಹೆಂಡತಿ ಕೂಗಿದಳು. ಹುಡುಗಿ ಬಂದು ಇನ್ನೊಂದು ಸರಪಳಿಗೆ ಭುಜ ಕೊಟ್ಟು ನಿಂತಳು, ನನ್ನ ಹಾಗೆಯೇ.

"ಹಳಿಗೆ ತಾಗಬಾರದವಾ, ಸರಪಳಿಗೆ ಅಷ್ಟ," ಅಂದೆ. "ಉಸರ ಬಿಟ್ಟ ಮ್ಯಾಲ ಹೊಡಿಬೇಕು."

ಅವಳು ಉಸಿರು ಬಿಟ್ಟು, ಎಡಗೈಯನ್ನು ಕೆಳಗಿನಿಂದ ಮೇಲಕ್ಕೆ ಬೀಸಿದಳು. ಸರಿಯಾಗಿತ್ತು. ಇನ್ನೊಮ್ಮೆ ಮಾಡು ಅಂದೆ.